ನನ್ನ ಬಾಯಿಯ ವಾರಸುದಾರರು

ನಾನು ಕೈ ಹಾಕಿದ ಕೆಲಸ ಆಗದೆ ಉಳಿದದ್ದಿಲ್ಲ, ನೆಟ್ಟಗೆ ಆದದ್ದೂ ಇಲ್ಲ. ನೆಲದಲ್ಲೇ ನಿಂತು ಉದ್ದದ ದೋಟಿಯಲ್ಲಿ ಅಡಿಕೆ ಗೊನೆ ಇಳಿಸುವುದರಲ್ಲಿ ಸಂಪಾಜೆಯಿಂದ ಕಬಕದವರೆಗೆ ನನ್ನನ್ನು ಮೀರಿಸುವವ ಇನ್ನೂ ಹುಟ್ಟಿಲ್ಲ. ಅಂಥವನಿಗೆ ಕಪಾಟಿನಿಂದ ಒಂದು ಫೈಲು ಇಳಿಸುವುದು ಎಂತ ದೊಡ್ಡ ಸಂಗತಿ ಅಂತ ಹೊರಟೆ.

ವಿಷಯ ಇಷ್ಟೆ. ನಾನು ದತ್ತು ಮಗ. ಅದು ನನಗೂ ಗೊತ್ತು, ಊರಿಗೂ ಗೊತ್ತು. ಹೆತ್ತವಳು ಯಾರು ಎಂಬುದು ಮಾತ್ರ ಪುತ್ತೂರಿನ ಒಂದು ಸಂಸ್ಥೆಯ ಮುಚ್ಚಿದ ಫೈಲಿನಲ್ಲಿ ಉಂಟು. ನನಗೆ ಮದುವೆ ಗೊತ್ತಾಗಿತ್ತು. ಅದರೊಳಗೆ ಆಕೆ ನನ್ನನ್ನು ಒಮ್ಮೆ ನೋಡಬೇಕು ಅಂತ ನನ್ನ ಹಠ. ಇಂಥ ಮಗನನ್ನು ನೋಡದೆ ಉಳಿದರೆ ನಷ್ಟ ಯಾರಿಗೆ, ನೀವೇ ಹೇಳಿ.

ಜೀಪು ತುಂಬ ಗುಟ್ಟು

ನಮ್ಮಲ್ಲಿ ಆಫೀಸು ಕೆಲಸಕ್ಕೆ ಒಬ್ಬನೇ ಹೋಗುವ ಕ್ರಮ ಇಲ್ಲ. ಹೆಣ್ಣು ನೋಡಲು ಹೋದ ಹಾಗೆ ಜನ ಬೇಕು. ಅಪ್ಪ, ಅಮ್ಮ, ಸೋದರಮಾವ, ಪಂಚಾಯತಿನ ಮಾಜಿ ಮೆಂಬರು, ಪಕ್ಕದ ಅಂಗಡಿಯ ಬ್ಯಾರಿ ಕಾಕ, ಎಲ್ಲರೂ ಜೀಪಿನಲ್ಲಿ ಬಂದರು. ನಾನೊಬ್ಬ ಒಳಗೆ ಹೋದೆ.

ಸಂಸ್ಥೆಯ ಮೇಡಂ ದನಿ ತಗ್ಗಿಸಿ ಹೇಳಿದರು, "ನೋಡಿ, ಇದು ತೀರಾ ಗೌಪ್ಯ. ನಾವು ಮೊದಲು ಹೆತ್ತ ತಾಯಿಯನ್ನು ಕೇಳಬೇಕು. ಅವರು ಒಪ್ಪಿದರೆ ಮಾತ್ರ ಹೆಸರು ಹೇಳುವುದು, ಇಲ್ಲದಿದ್ದರೆ ಇಲ್ಲ. ಹೊರಗೆ ಯಾರಿಗೂ ಹೇಳಿಲ್ಲ ಅಲ್ವಾ?"

"ಛೆ ಛೆ, ನಾನು ಬಾಯಿ ಬಿಡುವ ಜನ ಅಲ್ಲ ಮೇಡಂ."

ಅಷ್ಟರಲ್ಲಿ ಕಿಟಕಿಯಲ್ಲಿ ಕಾಕನ ಟೊಪ್ಪಿ ಕಂಡಿತು. "ಎಂತ ಮಾರಾಯ, ಅಮ್ಮ ಸಿಕ್ಕಿದರಾ? ಇಲ್ಲಿ ಜೀಪಿನವ ವೈಟಿಂಗ್ ಚಾರ್ಜು ಕೇಳ್ತಾನೆ!"

ಮುಖದ ಪಾಲುಪಟ್ಟಿ

ಹೀಗೆ ಗೌಪ್ಯವಾಗಿದ್ದ ಸುದ್ದಿ ಮೂರು ತಾಲೂಕಿಗೆ ಮುಟ್ಟಿತು. ಕಡಬದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಅಜ್ಜಿ, "ಯಾವ ಮನೆಯವ ಮಗಾ ನೀನು?" ಅಂದರು. ನಮ್ಮ ಕಡೆ ಇದನ್ನು ಕೇಳದೆ ಸಾರು ಇಳಿಯುವುದಿಲ್ಲ.

"ಅದನ್ನೇ ಹುಡುಕ್ತಾ ಇದ್ದೇನೆ ಅಜ್ಜಿ."

"ಓ, ಅದು ನೀನಾ!" ಎಂದು ಗಲ್ಲ ಹಿಡಿದು ತಿರುಗಿಸಿದರು. "ಈ ಮೂಗು ಸುಳ್ಯದ್ದು, ಸಂಶಯ ಬೇಡ."

"ಕಿವಿ ನಮ್ಮ ಕಡಬದ್ದು" ಅಂದರು ಎದುರಿನವರು. ಪಾಯಸ ಬರುವುದರೊಳಗೆ ಹಣೆ ಪುತ್ತೂರಿಗೆ ಹೋಯಿತು. ಜಾಗ ಪಾಲು ಮಾಡುವಾಗಲೂ ಇಷ್ಟು ಬೇಗ ತೀರ್ಮಾನ ಆದದ್ದನ್ನು ನಾನು ಕಂಡಿಲ್ಲ.

ನನ್ನ ಆಚೆ ಬದಿಯ ಎಲೆಯಲ್ಲಿ ಕೂತಿದ್ದ ಅಪ್ಪ ಮಜ್ಜಿಗೆ ಕುಡಿಯುತ್ತಾ ಕೇಳಿದರು, "ಎಲ್ಲ ಸರಿ, ಇವನ ಬಾಯಿ ಯಾವ ಕಡೆಯದ್ದು?"

ಪಂಕ್ತಿಗೆ ಪಂಕ್ತಿಯೇ ಎಲೆ ನೋಡತೊಡಗಿತು.

ನನ್ನ ಕರಪತ್ರ

ಹೆತ್ತವಳಿಗೆ ಕಳಿಸಲು ನಾಲ್ಕು ಮಾತು ಬರೆದುಕೊಡಿ ಅಂದರು ಮೇಡಂ. ನಾನು ಬರೆದೆ. ಹೈಸ್ಕೂಲಿನ ಗುಂಡೆಸೆತ, ಹಗ್ಗಜಗ್ಗಾಟದಲ್ಲಿ ಗೆದ್ದ ಕಪ್, ದೋಟಿಯ ಕೀರ್ತಿ, ಸ್ವಂತ ಪಿಕಪ್ಪು ಗಾಡಿ, ಒಂದನ್ನೂ ಬಿಡಲಿಲ್ಲ. ಮೇಡಂ ಓದಿ ಕನ್ನಡಕ ತೆಗೆದರು. "ಇದು ಅಮ್ಮನಿಗೋ, ಮತದಾರರಿಗೋ?"

ಜೊತೆಗೆ ಬಂದಿದ್ದ ಅಮ್ಮ ಅದನ್ನು ಕಿತ್ತುಕೊಂಡು ತಾನೇ ಬರೆದಳು: "ಮಗ ಚೆನ್ನಾಗಿದ್ದಾನೆ. ನಿಮಗೆ ಮನಸ್ಸಿದ್ದರೆ ಒಮ್ಮೆ ಬಂದು ನೋಡಿ. ನೀರುದೋಸೆ ಮಾಡಿ ತರುತ್ತೇನೆ."

ಆಮೇಲೆ ಅಮ್ಮ ಪ್ರತಿ ಸಲ ಫೋನು ಹೊಡೆದುಕೊಂಡಾಗಲೂ ಕೈ ಒರೆಸಿಕೊಂಡು ಓಡಿ ಬರುತ್ತಿದ್ದಳು. ನಾನು ಓಡಲಿಲ್ಲ. ಫೋನಿನ ಪಕ್ಕದಲ್ಲೇ ಕೂತಿದ್ದೆ.

ಒಂದು ದಿನ ಮೇಡಂ ಫೋನು ಮಾಡಿದರು. "ಒಪ್ಪಿದ್ದಾರೆ."

ನಾನು ಊರಿಡೀ ಹೇಳಿಕೊಂಡು ಬಂದೆ, ನನ್ನ ಹೆಸರು ಕೇಳಿಯೇ ಒಪ್ಪಿದ್ದು ಅಂತ. ಮೇಡಂ ಅಮ್ಮನಿಗೆ ಬೇರೆಯೇ ಹೇಳಿದ್ದರಂತೆ: "ನೀರುದೋಸೆ ಓದಿ ಅತ್ತರು."

ಸ್ವಯಾರ್ಜಿತ

ಆಕೆ ಗುಂಡ್ಯದ ಕಡೆಯಿಂದ ಬಸ್ಸಿನಲ್ಲಿ ಬಂದರು. ಸಣ್ಣ ಜೀವ, ಮೆಲ್ಲಗಿನ ಮಾತು. ಸಂಸ್ಥೆಯ ಕೋಣೆಯಲ್ಲಿ ಮೇಡಂ ಎದುರಿಗೇ ಅಮ್ಮ ಬುತ್ತಿ ಬಿಚ್ಚಿದಳು, ನಾನು ಬಾಯಿ ಬಿಚ್ಚಿದೆ. ಗುಂಡೆಸೆತದಿಂದ ಶುರುಮಾಡಿ ಪಿಕಪ್ಪಿಗೆ ಬರುವಾಗ ದೋಸೆ ಆರಿತ್ತು. ಆಕೆ ನನ್ನ ಕೈ ಹಿಡಿದುಕೊಂಡು ಕಣ್ಣು ಮಿಟುಕಿಸದೆ ಕೇಳಿದರು.

ಕೊನೆಗೆ ಅಮ್ಮನ ಕಡೆ ತಿರುಗಿದರು. "ಅಕ್ಕಾ, ಹುಟ್ಟಿದಾಗ ಇವ ಅಳಲೇ ಇಲ್ಲ. ಮಗುವಿಗೆ ಬಾಯಿ ಬರುವುದಿಲ್ಲವೋ ಏನೋ ಅಂತ ಇಷ್ಟು ವರ್ಷವೂ ಹೆದರಿಕೆ ಇತ್ತು."

ಪಿಕಪ್ಪಿನ ಉಳಿದ ಕತೆ ಅಲ್ಲಿಗೇ ಬಿಟ್ಟು, ಆರಿದ ದೋಸೆಯನ್ನು ನಾನೇ ಆಕೆಯ ಎದುರಿಗೆ ಸರಿಸಿದೆ, ಬೇಕಾದರೆ ಮೇಡಮನ್ನು ಕೇಳಿ.

ಆಕೆ ಕಣ್ಣೊರೆಸಿಕೊಂಡು ಇನ್ನೂ ಮೆಲ್ಲಗೆ ಕೇಳಿದರು, "ಈ ಬಡಾಯಿ... ನಿಮ್ಮ ಮನೆಯಿಂದ ಬಂದದ್ದಾ?"

ಅಮ್ಮ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ ಮಾರಾಯ್ತಿ, ನಿಮ್ಮ ಕಡೆಯದ್ದು ಅಂತ ನಾನು ಇಷ್ಟು ವರ್ಷ ಸಹಿಸಿಕೊಂಡದ್ದು!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು, ಅತ್ತರು. ಮದುವೆಯ ಆಮಂತ್ರಣ ನಾನು ಕೊಡುವ ಮೊದಲೇ ಅಮ್ಮ ಅವರ ಚೀಲಕ್ಕೆ ತುರುಕಿಯಾಗಿತ್ತು. ಕಿಟಕಿಯಲ್ಲಿ ಕಾಕನ ಟೊಪ್ಪಿ ಮತ್ತೆ ಎದ್ದಿತು. "ಹಾಗಾದರೆ ಬಾಯಿ ಯಾರದ್ದು ಅಂತ ಆಯ್ತು?"

ಎದ್ದು ನಿಂತು ಕಾಲರ್ ಸರಿಮಾಡಿಕೊಂಡೆ. "ಬರೆದುಕೊಳ್ಳಿ ಮೇಡಂ. ಇದು ಪಿತ್ರಾರ್ಜಿತ ಅಲ್ಲ, ಸ್ವಯಾರ್ಜಿತ. ಇದರಲ್ಲಿ ಯಾರಿಗೂ ಪಾಲಿಲ್ಲ."

ಇಬ್ಬರು ಅಮ್ಮಂದಿರೂ ಒಟ್ಟಿಗೆ ಕೈ ಮುಗಿದರು. "ನಮಗೆ ಬೇಡವೇ ಬೇಡ!"