ಹಾಸಿಗೆ ಖಾಲಿಯಾದ ದಿನ

ಬೆಳಗ್ಗೆ ಫೋನ್ ಬಂದಾಗ ಇಸಾಮು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಅವಳ ಗದ್ದ. ಫೋನ್ ಎತ್ತಬೇಕಾದರೆ ಎರಡರಲ್ಲಿ ಒಂದನ್ನು ಬಿಡಬೇಕಿತ್ತು. ಗದ್ದ ಬಿಟ್ಟ. ಗಂಜಿ ಅಮ್ಮನ ಕೊರಳಿಗಿಳಿದು ಅಲ್ಲಿಂದ ಎದೆಯವರೆಗೆ ಹೋಯಿತು. ಫೋನಿನಲ್ಲಿ ಬಂದ ಸುದ್ದಿ ಎಂಥದ್ದೆಂದರೆ, ಅವನು ಅದನ್ನು ಒರೆಸುವುದನ್ನೂ ಮರೆತು ನಿಂತುಬಿಟ್ಟ.

ಗುಡ್ಡದ ಮೇಲಿನ 'ಹೊಸ ಚಿಗುರು' ವೃದ್ಧಾಶ್ರಮದಲ್ಲಿ ಹಾಸಿಗೆಯೊಂದು ಖಾಲಿಯಾಗಿತ್ತು. ಮಧ್ಯಾಹ್ನದೊಳಗೆ ತಾಯಿಯನ್ನು ಕರೆತಂದರೆ ಅದು ಅವರದು. ತಡವಾದರೆ ಸರದಿಯಲ್ಲಿ ಮುಂದೆ ಯಾರಿದ್ದಾರೋ ಅವರದು.

ಇಸಾಮು ಫೋನಿಗೇ ತಲೆಬಾಗಿ ಧನ್ಯವಾದ ಹೇಳಿದ. ಹಾಸಿಗೆ ಖಾಲಿಯಾಗಿದೆ ಅಂದರೆ ಯಾರೋ ತೀರಿಕೊಂಡಿದ್ದಾರೆ ಎಂದು ಆಮೇಲೆ ಹೊಳೆದು, ನಾಚಿ, ಸಂತಾಪ ಸೂಚಿಸಿದ. ಸಂತಾಪ ಹೇಳಿದ್ದಕ್ಕೆ ಎಲ್ಲಿ ತನಗೆ ಹಾಸಿಗೆ ಬೇಡ ಅಂದುಕೊಂಡುಬಿಡುತ್ತಾರೋ ಎಂದು ಹೆದರಿ ಮತ್ತೊಮ್ಮೆ ಧನ್ಯವಾದ ಹೇಳಿದ.

ಅವನಿಗೆ ಅರವತ್ತೊಂಬತ್ತು, ಅಮ್ಮ ಕಿನುಗೆ ತೊಂಬತ್ತೈದು. ಉತ್ತರ ಜಪಾನಿನ ಆ ಊರಿನಲ್ಲಿ ಅರವತ್ತೊಂಬತ್ತು ಅಂದರೆ ಇನ್ನೂ ಹುಡುಗ. ಊರಿನ ಯುವಕ ಸಂಘಕ್ಕೆ ಅವನೇ ಅಧ್ಯಕ್ಷ. ಅವನಿಗಿಂತ ಚಿಕ್ಕವರು ಯಾರೂ ಸಿಗದೆ ಆ ಕುರ್ಚಿ ಅವನ ಕೆಳಗೇ ಉಳಿದುಕೊಂಡಿತ್ತು. ಹೋದ ಸಭೆಯಲ್ಲಿ ಯುವಕರು ಮಂಡಿನೋವಿಗೆ ಯಾವ ಪಟ್ಟಿ ಒಳ್ಳೆಯದು ಎಂದು ಚರ್ಚಿಸಿ ಎದ್ದಿದ್ದರು.

ಅವನು ನಿವೃತ್ತಿಯವರೆಗೂ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಮ್ಮನ ಬುದ್ಧಿ ಮಸುಕಾದ ಮೇಲೆ ಅವಳು ಹಗಲೆಲ್ಲ ತೂಕಡಿಸಿ, ರಾತ್ರಿಯಾದರೆ ಎದ್ದು "ಮನೆಗೆ ಹೋಗ್ತೀನಿ" ಎಂದು ಬಾಗಿಲಿಗೆ ನಡೆಯುತ್ತಿದ್ದಳು. ಇಸಾಮು ಅವಳ ಮಣಿಕಟ್ಟಿಗೂ ತನ್ನ ಮಣಿಕಟ್ಟಿಗೂ ಒಂದು ಹಳೆಯ ಸೊಂಟಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದ. ನಿದ್ದೆ ದೂರದ ನೆಂಟನಂತಾಗಿತ್ತು. ಬರುತ್ತೇನೆ ಅನ್ನುತ್ತಿತ್ತು, ಬರುತ್ತಿರಲಿಲ್ಲ.

ಹೋದ ತಿಂಗಳು ಒಂದು ಮುಂಜಾನೆ, ಅಮ್ಮ ಕೊನೆಗೂ ಕಣ್ಣು ಮುಚ್ಚಿದ ಮೇಲೆ, ತಾನು ಅವಳ ತಲೆಯ ಬಳಿ ದಿಂಬು ಹಿಡಿದುಕೊಂಡು ನಿಂತಿರುವುದು ಅವನ ಗಮನಕ್ಕೆ ಬಂತು. ಅದನ್ನು ಯಾಕೆ ಎತ್ತಿಕೊಂಡೆ ಎಂದು ನೆನಪಾಗಲಿಲ್ಲ. ಅವಳ ತಲೆಯ ಕೆಳಗಿಡುವುದಕ್ಕೆ ಎಂದು ತನಗೇ ಹೇಳಿಕೊಂಡ. ಅವಳ ತಲೆಯ ಕೆಳಗೆ ಆಗಲೇ ಒಂದು ದಿಂಬಿತ್ತು. ಬೆಳಕು ಹರಿದ ಮೇಲೆ ಕೈಯಲ್ಲಿದ್ದ ದಿಂಬನ್ನು ಕಸದ ಗಾಡಿಗೆ ಹಾಕಿಬಂದ. ಯಾರಿಗೂ ಹೇಳಲಿಲ್ಲ. ಆದರೆ ಆವತ್ತಿನಿಂದ ವೃದ್ಧಾಶ್ರಮಕ್ಕೆ ದಿನಾ ಫೋನ್ ಮಾಡತೊಡಗಿದ್ದ.

ಸುದ್ದಿ ಹರಡದಂತೆ ಸದ್ದಿಲ್ಲದೆ ಹೊರಟುಬಿಡಬೇಕೆಂದು ಅವನ ಎಣಿಕೆ. ಪಕ್ಕದ ಮನೆಯ ಹನಾವಾ ಅಕ್ಕನಿಗೆ ಎಂಬತ್ತನಾಲ್ಕು. ಬಾಗಿಲ ಗಂಟೆ ಎಷ್ಟು ಒತ್ತಿದರೂ ಕೇಳಿಸದ ಆಕೆಯ ಕಿವಿಗೆ ಗೋಡೆಯಾಚೆಯ ಫೋನು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. ಅವನು ಅಮ್ಮನ ಎದೆ ಒರೆಸಿ ಮುಗಿಸುವಷ್ಟರಲ್ಲಿ ಆಕೆ ಒಳಗೆ ಬಂದು ಕೂತಿದ್ದಳು. ಹಿಂದೆಯೇ ಕೆಳಗಿನ ಮನೆಯ ಓಗಾತಾ ಅಜ್ಜ ಬಂದ. ಅವನಿಗೆ ಎಂಬತ್ತೆಂಟು. ಆಮೇಲೆ ಮೆಟ್ಟಿಲು ಹತ್ತಲು ಬಲ ಇದ್ದವರೆಲ್ಲ ಬಂದರು. ಇಲ್ಲದವರು ಕೆಳಗಿನಿಂದಲೇ ಕೂಗಿ ವಿಚಾರಿಸಿದರು.

ಮೊದಲು ಎಲ್ಲರೂ ಅಭಿನಂದಿಸಿದರು. ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದ ಮನೆಯಂತಿತ್ತು ಸಂಭ್ರಮ. ಆಮೇಲೆ ಹನಾವಾ ಅಕ್ಕ ಅವನ ತೋಳು ಹಿಡಿದು ಕಣ್ಣೊರೆಸಿಕೊಂಡಳು.

"ಇನ್ನಾದ್ರೂ ನಿನಗೆ ಬಿಡುವು ತಮ್ಮ," ಎಂದಳು. "ಸೋಮವಾರ ನನ್ನ ಸೀಮೆಎಣ್ಣೆ ಡಬ್ಬ ಮೇಲೆ ತಂದುಕೊಡು."

ಅಲ್ಲಿಗೆ ಕಟ್ಟೆ ಒಡೆಯಿತು. ಮಂಗಳವಾರ ಓಗಾತಾ ಅಜ್ಜನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಬುಧವಾರ ಒಬ್ಬರ ಅಟ್ಟದ ಸಾಮಾನು ಇಳಿಸಬೇಕು, ಗುರುವಾರ ಇನ್ನೊಬ್ಬರ ಕಾಲಿನ ಉಗುರು ಕತ್ತರಿಸಬೇಕು. ತಾಯಿ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಮಗನ ವಾರ ಹರಿದು ಹಂಚಿಹೋಗಿತ್ತು. ಭಾನುವಾರ ಮಲಗಬೇಕು ಅಂದುಕೊಂಡಿದ್ದೇನೆ ಎಂದು ಇಸಾಮು ಸಣ್ಣ ದನಿಯಲ್ಲಿ ಹೇಳಿನೋಡಿದ. ಓಗಾತಾ ಅಜ್ಜ, ಅದಕ್ಕೇನು, ಊಟ ಆದಮೇಲೆ ಮಲಗು ಎಂದು ಉದಾರವಾಗಿ ಒಪ್ಪಿಗೆ ಕೊಟ್ಟ.

ಅಮ್ಮ ಇದನ್ನೆಲ್ಲ ನೋಡುತ್ತಿದ್ದವಳು ಎಲ್ಲಿಗೆ ಹೋಗುವುದು ಎಂದು ಕೇಳಿದಳು. ಇಸಾಮು ಅವಳ ಕಾಲುಚೀಲ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿ, ಬಿಸಿನೀರ ಬುಗ್ಗೆಗೆ ಎಂದುಬಿಟ್ಟ. ಅಮ್ಮನ ಮುಖ ಅರಳಿತು. ಹಾಗಾದರೆ ಒಳ್ಳೆಯ ಕಿಮೋನೊ ತೆಗಿ ಎಂದಳು. ಬೂದು ಬಣ್ಣದ್ದು ಬೇಡ, ಬೇಡವೆಂದರೆ ಬೇಡ. ಹುಡುಕಿ, ಉಡಿಸಿ, ಸೊಂಟಕ್ಕೆ ಕಟ್ಟುವಷ್ಟರಲ್ಲಿ ಡೈಪರ್ ಬದಲಿಸಬೇಕಾಗಿ ಬಂತು. ಮತ್ತೆ ಬಿಚ್ಚಿ, ಮತ್ತೆ ಉಡಿಸಿದ್ದಾಯಿತು. ಅವಳು ಬಂದವರ ಮುಂದೆಲ್ಲ, "ನನ್ನ ಮಗ ನನ್ನನ್ನ ಬಿಸಿನೀರ ಬುಗ್ಗೆಗೆ ಕರ್ಕೊಂಡು ಹೋಗ್ತಿದ್ದಾನೆ, ನಿಮ್ಮ ಮಕ್ಕಳು ಕರ್ಕೊಂಡು ಹೋಗಿದ್ರಾ?" ಎಂದು ಕೇಳುತ್ತಿದ್ದಳು.

ಊರಿಗೆ ಇದ್ದದ್ದು ಒಂದೇ ಟ್ಯಾಕ್ಸಿ. ಅದರ ಚಾಲಕ ಡಯಾಲಿಸಿಸ್ ಮಾಡಿಸಿಕೊಳ್ಳಲು ಪಟ್ಟಣಕ್ಕೆ ಹೋಗಿದ್ದ. ನನ್ನ ಗಾಡಿ ಇಲ್ಲವೇ ಎಂದ ಓಗಾತಾ ಅಜ್ಜ. ಅವನದೊಂದು ಪುಟ್ಟ ಬಿಳಿ ಟ್ರಕ್ಕು. ಪೊಲೀಸರು ಅವನ ಲೈಸೆನ್ಸ್ ವಾಪಸ್ ಕೇಳುತ್ತಲೇ ಇದ್ದರು, ಅವನು ಕಿವಿ ಕೇಳಿಸದವನಂತೆ ನಟಿಸುತ್ತಲೇ ಇದ್ದ. ಬೇರೆ ದಾರಿ ಇರಲಿಲ್ಲ. ಅಮ್ಮನನ್ನು ಮುಂದೆ ಕೂರಿಸಿ, ಇಸಾಮು ಹಿಂದೆ ತರಕಾರಿ ಬುಟ್ಟಿಗಳ ನಡುವೆ ಕೂತ. ಯಾರಾದರೂ ದೊಡ್ಡವರು ಜೊತೆಗಿರಬೇಕು ಎಂದು ಹನಾವಾ ಅಕ್ಕನೂ ಡೈಪರಿನ ಚೀಲ ತಬ್ಬಿಕೊಂಡು ಹತ್ತಿದಳು.

ಓಗಾತಾ ಅಜ್ಜ ಬಹಳ ನಿಧಾನವಾಗಿ ಓಡಿಸಿದ. ಎಷ್ಟು ನಿಧಾನವೆಂದರೆ, ಗಾಡಿ ರಸ್ತೆ ಬಿಟ್ಟು ಚರಂಡಿಯತ್ತ ತಿರುಗಿದ್ದನ್ನು ಹಿಂದೆ ಕೂತಿದ್ದ ಇಸಾಮು ಪೂರ್ತಿಯಾಗಿ ನೋಡಿದ, ಕೂಗಿದ, ಮತ್ತೊಮ್ಮೆ ಕೂಗಿದ, ಆಮೇಲೆ ಅದು ಬಿತ್ತು. ಮುಂದಿನ ಚಕ್ರ ಚರಂಡಿಯಲ್ಲಿ ಕೂತಿತು. ಯಾರಿಗೂ ಪೆಟ್ಟಾಗಲಿಲ್ಲ. ಎಡಗಣ್ಣಿಗೆ ಏನೂ ಕಾಣುವುದಿಲ್ಲ, ಅದಕ್ಕೇ ಮಂಗಳವಾರ ಡಾಕ್ಟರ ಹತ್ತಿರ ಹೋಗಬೇಕು ಅಂದದ್ದು ಎಂದು ಅಜ್ಜ ಶಾಂತವಾಗಿ ವಿವರಿಸಿದ.

ಇಸಾಮು ಗಾಡಿ ಎತ್ತಲು ನೋಡಿದ. ಆಗಲಿಲ್ಲ. ಸೂರ್ಯ ನೆತ್ತಿಗೆ ಬರುತ್ತಿದ್ದ. ಮೇಲೆ ಗುಡ್ಡದ ತುದಿಯಲ್ಲಿ ಆಶ್ರಮದ ಹಸಿರು ಛಾವಣಿ ಕಾಣುತ್ತಿತ್ತು. ಅವನು ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಮ್ಮನನ್ನು ಬೆನ್ನಿಗೆ ಹಾಕಿಕೊಂಡ. ಸಿಲಿಂಡರು ಕೊನೇಪಕ್ಷ ಕಿವಿ ಹಿಂಡುತ್ತಿರಲಿಲ್ಲ. ಅಮ್ಮ ಎರಡೂ ಕಿವಿ ಹಿಡಿದುಕೊಂಡು, ಎಡಕ್ಕೆ, ಬಲಕ್ಕೆ, ನಿಧಾನ ಎಂದು ದಾರಿಯುದ್ದಕ್ಕೂ ಆಜ್ಞೆ ಮಾಡಿದಳು. ಒಂದು ತಿರುವಿನಲ್ಲಿ ಮಾತ್ರ ಅವಳು ಸುಮ್ಮನಾಗಿ, ಕೆನ್ನೆಯನ್ನು ಅವನ ಕತ್ತಿಗೆ ಒತ್ತಿ ತೂಕಡಿಸಿದಳು. ಅವಳ ಉಸಿರು ಬೆಚ್ಚಗೆ ತಾಗುತ್ತಿತ್ತು. ಇಷ್ಟು ಹಗುರವಾದವಳನ್ನು ಹೊರಲಾರದೆ ಬಿಡಲು ಹೋಗುತ್ತಿದ್ದೇನೆಯೇ ಎಂದು ಅನಿಸಿ ಅವನ ಕಾಲು ಒಂದು ಕ್ಷಣ ನಿಂತಿತು. ಹಿಂದಿನಿಂದ ಹನಾವಾ ಅಕ್ಕ ಡೈಪರ್ ಚೀಲದಿಂದ ತಿವಿದಳು. ಮತ್ತೆ ನಡೆದ.

'ಹೊಸ ಚಿಗುರು' ಹಿಂದೆ ಪ್ರಾಥಮಿಕ ಶಾಲೆಯಾಗಿತ್ತು. ಮಕ್ಕಳು ಮುಗಿದ ಮೇಲೆ ಮುದುಕರನ್ನು ತುಂಬಿದ್ದರು. ಕೈತೊಳೆಯುವ ತೊಟ್ಟಿಗಳು ಇನ್ನೂ ಮೊಣಕಾಲೆತ್ತರದಲ್ಲೇ ಇದ್ದವು. ಕಿಟಕಿಗಳಲ್ಲಿ ಆಶ್ರಮದವರೆಲ್ಲ ಸಾಲಾಗಿ ನಿಂತು, ಬೆನ್ನ ಮೇಲೆ ಕಿಮೋನೊ ಹೊತ್ತು ಗುಡ್ಡ ಹತ್ತಿ ಬರುತ್ತಿದ್ದ ಇಸಾಮುವನ್ನು ನೋಡುತ್ತಿದ್ದರು. ನಿರ್ವಾಹಕಿ ಶಿರೊಯಿಶಿ ಬಾಗಿಲಿಗೇ ಬಂದಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಕಣ್ಣ ಕೆಳಗಿನ ಕಪ್ಪು ನೋಡಿದರೆ ಇಸಾಮುವಿನ ಅಕ್ಕನೇ ಇರಬೇಕು ಅನಿಸುತ್ತಿತ್ತು.

ಮಧ್ಯಾಹ್ನ ದಾಟಿತ್ತು. ಚಕ್ರ ಚರಂಡಿಗೆ ಬಿದ್ದದ್ದನ್ನು ಅವನು ತಡವರಿಸುತ್ತ ಹೇಳಿದ. ಪರವಾಗಿಲ್ಲ, ಹಾಸಿಗೆ ಇದೆ ಎಂದಳು ಶಿರೊಯಿಶಿ. ಇಸಾಮು ಅಮ್ಮನನ್ನು ಬೆನ್ನಿನಿಂದ ಇಳಿಸಿ, ಕುರ್ಚಿಯೊಂದರಲ್ಲಿ ಕೂರಿಸಿ, ತಾನು ಮಕ್ಕಳ ತೊಟ್ಟಿಯ ಅಂಚಿಗೆ ಕೂತುಬಿಟ್ಟ.

"ಒಂದಲ್ಲ, ಆ ಕಡೆ ಕೋಣೆ ಪೂರ್ತಿ ಖಾಲಿ ಇದೆ," ಎಂದಳು ಅವಳು. "ನಮ್ಮಲ್ಲಿ ಹಾಸಿಗೆಗೆ ಬರ ಇಲ್ಲ ಇಸಾಮು ಅವರೇ. ಕೈಗಳಿಗೆ ಬರ."

ಆರೈಕೆಯ ಕೆಲಸಕ್ಕೆ ಇಂಡೋನೇಷ್ಯಾದಿಂದ ಬಂದಿದ್ದ ಇಬ್ಬರು ಹುಡುಗಿಯರು ವಸಂತಕಾಲದಲ್ಲಿ ಟೋಕಿಯೊ ಕಡೆ ಹೊರಟುಹೋಗಿದ್ದರು. ಹಾಸಿಗೆ ಖಾಲಿಯಿದ್ದ ಮಹಡಿಗೆ ಉಳಿದಿದ್ದವಳು ತೊಮೆ ಎಂಬ ಎಪ್ಪತ್ತಾರರ ಸಹಾಯಕಿ ಒಬ್ಬಳೇ. ಆವತ್ತು ಬೆಳಗ್ಗೆ, ಇಸಾಮುವಿಗೆ ಫೋನ್ ಮಾಡಿದ ಮೇಲೆ, ಅಜ್ಜನೊಬ್ಬನನ್ನು ಎತ್ತಲು ಹೋಗಿ ಅವಳ ಸೊಂಟ ಹಿಡಿದುಕೊಂಡಿತ್ತು. ಆಸ್ಪತ್ರೆಯಲ್ಲಿ ಜಾಗವಿಲ್ಲದೆ, ಕಿನುಗೆಂದು ಹಾಸಿಟ್ಟಿದ್ದ ಹಾಸಿಗೆಯಲ್ಲೇ ಈಗ ಅವಳನ್ನು ಮಲಗಿಸಲಾಗಿತ್ತು. ನೋಡಿಕೊಳ್ಳುವವರಿಲ್ಲದ ಮಹಡಿಗೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ, ಅದು ಕಾನೂನು. ಕೈ ಸಿಗುವ ತನಕ ತಾಯಿಯನ್ನು ಮನೆಯಲ್ಲೇ ನೋಡಿಕೊಳ್ಳಲಾಗುತ್ತದೆಯೇ ಎಂದು ಶಿರೊಯಿಶಿ ಕೇಳಿದಳು.

ಇಸಾಮು ಬಾಯಿ ತೆರೆದ. ಆಗುತ್ತದೆ ಅನ್ನಬೇಕಿತ್ತು, ಮಗನಾದವನು ಅನ್ನುವ ಮಾತು ಅದೇ. ಆದರೆ ಅವನ ಕಣ್ಣೆದುರು ಬಂದದ್ದು ಬಿಳಿ ದಿಂಬು, ಅದನ್ನು ಹಿಡಿದ ತನ್ನ ಕೈಗಳು. ಅವನು ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡ.

"ಇಲ್ಲ," ಎಂದ. "ಮನೇಲಿ ಬೇಡ. ದಯವಿಟ್ಟು."

ಶಿರೊಯಿಶಿ ಯಾಕೆ ಎಂದು ಕೇಳಲಿಲ್ಲ. ಆ ಕಟ್ಟಡದಲ್ಲಿ ಅಂಥ ಉತ್ತರವನ್ನು ಅವಳು ಮೊದಲ ಸಲ ಕೇಳುತ್ತಿರಲಿಲ್ಲ.

ಹನಾವಾ ಅಕ್ಕನಿಗೆ ಇದು ಸಹಿಸಲಾಗಲಿಲ್ಲ. ಇಂಥ ಮಗನಿಗೆ ಇಲ್ಲ ಅನ್ನುತ್ತೀರಾ ಎಂದು ಮುಂದೆ ಬಂದು, ಹೆಣ್ಣಿನ ಮನೆಯವರ ಮುಂದೆ ವರನನ್ನು ಹೊಗಳುವ ದಲ್ಲಾಳಿಯಂತೆ ಶುರುಮಾಡಿದಳು. ಡೈಪರ್ ಬದಲಿಸುವುದರಲ್ಲಿ ಇವನನ್ನು ಮೀರಿಸುವವರಿಲ್ಲ. ಗಂಜಿ ಕುಡಿಸುತ್ತಾನೆ, ಉಗುರು ಕತ್ತರಿಸುತ್ತಾನೆ, ಯಾರು ಬೈದರೂ ತಿರುಗಿ ಮಾತಾಡುವುದಿಲ್ಲ. ಸಿಲಿಂಡರ್ ಹೊತ್ತ ಬೆನ್ನು. ರಾತ್ರಿಯೆಲ್ಲ ಎಚ್ಚರವಾಗಿದ್ದು ಅಭ್ಯಾಸ. ಇಸಾಮು ಅವಳ ತೋಳು ಎಳೆದ. ಅವಳು ಬಿಡಿಸಿಕೊಂಡು ಮುಂದುವರಿಸಿದಳು.

ಶಿರೊಯಿಶಿಯ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ರಕ್ತ ಆಡಿತು.

"ನಿಮಗೆ ವಯಸ್ಸೆಷ್ಟು?" ಎಂದು ಕೇಳಿದಳು.

"ಅರವತ್ತೊಂಬತ್ತು."

"ಎಷ್ಟು ಚಿಕ್ಕವರು," ಎಂದಳು ಅವಳು. ಅವಳ ಕಣ್ಣಲ್ಲಿ ನೀರಿತ್ತು.

ಮುಂದಿನದೆಲ್ಲ ಬೇಗ ಮುಗಿಯಿತು. ಅವನು ಕೆಲಸಕ್ಕೆ ಸೇರಿದರೆ ಮಹಡಿಗೆ ಕೈ ಬಂದಂತಾಯಿತು. ಕೈ ಬಂದರೆ ತಾಯಿಗೆ ಹಾಸಿಗೆ ಕೊಡಬಹುದು. ತರಬೇತಿ ಕೆಲಸ ಮಾಡುತ್ತಲೇ ಆಗುತ್ತದೆ. ಸದ್ಯಕ್ಕೆ ರಾತ್ರಿ ಪಾಳಿ, ಯಾಕೆಂದರೆ ರಾತ್ರಿಗೆ ಯಾರೂ ಇಲ್ಲ. ಇಸಾಮು ಒಪ್ಪಿ ತಲೆಯಾಡಿಸಿದ. ಏನು ಮಾಡಿಬಿಟ್ಟೆ ಎನ್ನುವುದು ಹನಾವಾ ಅಕ್ಕನಿಗೆ ಆಗ ಹೊಳೆಯಿತು. ಹಾಗಾದರೆ ಸೋಮವಾರ ಎಂದು ಶುರುಮಾಡಿ, ಮಾತು ನುಂಗಿಕೊಂಡು, ತಮ್ಮ ಮನೆಗಳಿದ್ದ ಇಡೀ ಕಟ್ಟಡಕ್ಕಿದ್ದ ಒಂದೇ ಜೊತೆ ಕಾಲುಗಳನ್ನು ತಾನೇ ದಾನ ಮಾಡಿದವಳಂತೆ ಗುಡ್ಡ ಇಳಿದಳು.

ಅವನಿಗೆ ತಿಳಿಗುಲಾಬಿ ಬಣ್ಣದ ಸಮವಸ್ತ್ರ ಸಿಕ್ಕಿತು. ತೊಮೆಯದು, ತೋಳು ಗಿಡ್ಡ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕು. ತೊಮೆ ಹಾಸಿಗೆಯಿಂದಲೇ ನರಳುತ್ತ, ಯಾರಿಗೆ ಗಂಜಿ ನುಣ್ಣಗೆ ಅರೆಯಬೇಕು, ಯಾರು ಕಚ್ಚುತ್ತಾರೆ ಎಂದು ಹೇಳಿಕೊಟ್ಟಳು. ಆ ಮಹಡಿಯಲ್ಲಿ ಏಳು ಜನರಿದ್ದರು, ಅಮ್ಮ ಎಂಟನೆಯವಳು. ತೊಮೆಯನ್ನೂ ಸೇರಿಸಿದರೆ ಒಂಬತ್ತು. ಸಂಜೆಯೊಳಗೆ ಅವನು ಎಲ್ಲರನ್ನೂ ಒಮ್ಮೆ ಎತ್ತಿ ಇಳಿಸಿ ಒರೆಸಿದ್ದ.

ಸಂಜೆಯ ಊಟಕ್ಕೆ ಕೂರಿಸಿದಾಗ ಅಮ್ಮ ಕಿಟಕಿಯ ಪಕ್ಕದ ಗಾಲಿಕುರ್ಚಿಯಲ್ಲಿದ್ದಳು. ಇಸಾಮು ಅವಳ ಮುಂದೆ ಕೂತು ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಗದ್ದ ಹಿಡಿದ. ಅವಳು ತಕರಾರಿಲ್ಲದೆ ಬಾಯಿ ತೆರೆದಳು. ಮನೆಯಲ್ಲಿ ಅಷ್ಟು ಚೆನ್ನಾಗಿ ಅವಳು ಎಂದೂ ಉಂಡಿರಲಿಲ್ಲ. ನಾಲ್ಕು ಚಮಚವಾದ ಮೇಲೆ ಪಕ್ಕದ ಕುರ್ಚಿಯ ಮುದುಕಿಯತ್ತ ವಾಲಿದಳು.

"ಈ ಹುಡುಗ ಒಳ್ಳೆಯವನು ಕಣ್ರೀ," ಎಂದಳು. "ನನಗೂ ಒಬ್ಬ ಮಗ ಇದ್ದಾನೆ. ಬಿಸಿನೀರ ಬುಗ್ಗೆ ಅಂತ ಸುಳ್ಳು ಹೇಳಿ ಇಲ್ಲಿ ತಂದು ಬಿಟ್ಟು ಹೋದ. ಈಗ ಮನೇಲಿ ಹಾಯಾಗಿ ನಿದ್ದೆ ಹೊಡೀತಿರ್ತಾನೆ."

ಚಮಚ ಗಾಳಿಯಲ್ಲೇ ನಿಂತಿತು. ಇಸಾಮು ಮಾಸ್ಕ್ ಕೆಳಗಿಳಿಸಲು ಕೈ ಎತ್ತಿದ, ಇಳಿಸಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿ, ಮುಂದಿನ ತುತ್ತು ಕೊಟ್ಟ.

"ನಿನಗೆ ತಾಯಿ ಇದ್ದಾಳಾ ಮಗಾ?" ಎಂದು ಅವಳು ನುಂಗಿ ಕೇಳಿದಳು.

"ಇದ್ದಾರೆ ಅಜ್ಜಿ."

"ವಯಸ್ಸಾಗಿರಬೇಕು. ನೋಡ್ಕೊಳ್ಳೋಕೆ ಯಾರಿದ್ದಾರೆ?"

"ನಾನೊಬ್ಬನೇ."

ಅಮ್ಮ ಅವನ ಗಿಡ್ಡ ತೋಳಿನಿಂದ ಹೊರಗಿದ್ದ ಮಣಿಕಟ್ಟನ್ನು ಹಿಡಿದು, ಎಳೆಯ ಮಗುವಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿದಳು:

"ಹಾಗಾದ್ರೆ ಇಲ್ಲೇನು ಮಾಡ್ತಾ ಕೂತಿದ್ದೀಯ? ಅವಳನ್ನ ಒಬ್ಬಳೇ ಬಿಟ್ಟು ಬರಬಾರದು. ಎದ್ದು ಮನೆಗೆ ಹೋಗು."