ಹಳೇ ಸಾಮಾನಿನ ಮೇಷ್ಟ್ರು

ಬರೀ ಪುಸ್ತಕ ಹಿಡಿದು ತರಗತಿಗೆ ಹೋಗುವ ಮೇಷ್ಟ್ರಿಗೆ ಅಂಥ ತಾಪತ್ರಯವೇನೂ ಇರುವುದಿಲ್ಲ. ಜೊತೆಗೆ ಒಂದು ಕಲ್ಲನ್ನೋ ಮಡಕೆ ಚೂರನ್ನೋ ಹಿಡಿದು ಹೋದರೆ ಮಾತ್ರ ಸಂಜೆಯೊಳಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಸರ್ವಿಸಿನ ಉದ್ದಕ್ಕೂ ಹಿಡಿದುಕೊಂಡೇ ಹೋದವನು.

ಮಹಾರಾಜರ ಕಾಲದ ಮಾತು. ಹಾಸನದ ಸೀಮೆಯ ಮಿಡ್ಲ್ ಸ್ಕೂಲುಗಳಲ್ಲಿ ಚರಿತ್ರೆ ಹೇಳಿಕೊಂಡಿದ್ದೆ. ಪುಸ್ತಕದಲ್ಲಿ ಪ್ರಾಚೀನ ಜನರ ಜೀವನದ ಬಗ್ಗೆ ಒಂದು ಪಾಠವಿತ್ತು. ಆ ಜನ ಶಿಲಾಯುಧಗಳನ್ನು ಬಳಸುತ್ತಿದ್ದರು, ಮೃಣ್ಮಯ ಪಾತ್ರೆಗಳನ್ನು ಮಾಡುತ್ತಿದ್ದರು ಅಂತ ಹುಡುಗರು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದರು. ಒಂದು ದಿನ ಚೆನ್ನಾಗಿ ಒಪ್ಪಿಸಿದ ಒಬ್ಬನನ್ನೇ ನಿಲ್ಲಿಸಿ, "ಮೃಣ್ಮಯ ಅಂದರೆ ಏನಪ್ಪ?" ಅಂದೆ. ಸ್ವಲ್ಪ ಯೋಚನೆ ಮಾಡಿ, "ಶಿಲಾಯುಧನ ತಮ್ಮ ಸಾ" ಅಂದ.

ಇನ್ನು ಮೇಲೆ ಸಾಮಾನು ತೋರಿಸದೆ ಈ ಪಾಠ ಹೇಳಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಒಂದು ತಗಡಿನ ಟ್ರಂಕು ಗೊತ್ತು ಮಾಡಿಕೊಂಡೆ. ಉಳುವಾಗ ಮೇಲೆ ಬಂದ ಕಲ್ಲಿನ ಕೊಡಲಿ, ಕಪ್ಪು ಕೆಂಪು ಮಡಕೆ ಚೂರುಗಳು, ಸುಟ್ಟ ಮಣ್ಣಿನ ಮಣಿಗಳು, ಹೀಗೆ ಒಂದೊಂದಾಗಿ ಅದರಲ್ಲಿ ಬಂದು ಸೇರಿದವು. ನನಗೆ ವರ್ಗವಾದ ಕಡೆಗೆಲ್ಲ ಟ್ರಂಕಿಗೂ ವರ್ಗ. ಊರಿನವರು ನನ್ನ ಹೆಸರು ಬಿಟ್ಟು 'ಹಳೇ ಸಾಮಾನಿನ ಮೇಷ್ಟ್ರು' ಅನ್ನತೊಡಗಿದರು. ನನಗೇನೂ ಬೇಜಾರಿರಲಿಲ್ಲ. ನನ್ನ ಹೆಂಡತಿಗೆ ಇತ್ತು. "ಹಳೇ ಸಾಮಾನು ಅಂದ್ರೆ ನಾನೇ ಅಂದ್ಕೊಳ್ಳೋಲ್ವೆ ಜನ?" ಅನ್ನುತ್ತಿದ್ದಳು.

ಅರೆಯುವ ಕಲ್ಲು

ಹೊಳೆನರಸೀಪುರದಲ್ಲಿದ್ದಾಗ ಇನ್ಸ್‌ಪೆಕ್ಟರು ತಪಾಸಣೆಗೆ ಬರುತ್ತಾರೆಂದು ಗೊತ್ತಾಯಿತು. ನಮ್ಮ ಹೆಡ್‌ಮಾಸ್ಟರಿಗೆ ಬಡ್ತಿ ಸಿಗುವ ಸಮಯ. ವರದಿ ಚೆನ್ನಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನನ್ನು ಕರೆದು, "ನೋಡಿ ಇವರೇ, ನಿಮ್ಮ ಕಲ್ಲುಗಿಲ್ಲು ತೋರಿಸಿ ನಮ್ಮ ಮಾನ ಉಳಿಸಬೇಕು" ಅಂದರು.

ಹೊಳೆಯಾಚೆಯ ಹೊಲದಲ್ಲಿ ಸಿಕ್ಕಿದ್ದ ಹಳೇ ಕಾಲದ ಅರೆಯುವ ಕಲ್ಲೊಂದು ನನ್ನ ಹತ್ತಿರ ಇತ್ತು. ಅರೆದು ಅರೆದು ನಡುವೆ ತೊಟ್ಟಿಲಿನ ಹಾಗೆ ತಗ್ಗಾಗಿತ್ತು. ಅದನ್ನು ಮೇಜಿನ ಮೇಲಿಟ್ಟೆ. ಇನ್ಸ್‌ಪೆಕ್ಟರು ಬಂದರು, ಕಲ್ಲನ್ನು ಸವರಿ ನೋಡಿದರು, ಮೆಚ್ಚಿದರು. ಹೆಡ್‌ಮಾಸ್ಟರು ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರು ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದರು.

"ಇದನ್ನು ಯಾವಾಗ ಉಪಯೋಗಿಸುತ್ತಿದ್ದರಪ್ಪ?"

"ಬೆಳಿಗ್ಗೆ ಹೊತ್ತು ಸಾ."

"ಅದಲ್ಲಪ್ಪ, ಯಾವ ಕಾಲದಲ್ಲಿ?"

"ಎಲ್ಲಾ ಕಾಲದಾಗೂ ಸಾ. ಮಳೆಗಾಲದಾಗೆ ಮಾತ್ರ ಒಳಗೆ ಎತ್ತಿಟ್ಕತೀವಿ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರು ಬಿಡಲಿಲ್ಲ. "ಈಗ ಇಂಥ ಕಲ್ಲು ಎಲ್ಲಿದೆ?" ಅಂದರು. ಹುಡುಗ, "ನಮ್ಮನೇಲೈತೆ ಸಾ. ಇವತ್ತು ನಮ್ಮವ್ವ ಉರುಳಿಕಾಳು ಸಾರಿಗೆ ಖಾರ ಅರೆದ್ಳು. ನಮ್ದು ಇದಕ್ಕಿಂತ ಜಾಸ್ತಿ ಸವೆದೈತೆ" ಅಂದ.

ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟುಹೋದರು. ಹೆಡ್‌ಮಾಸ್ಟರು ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಂದು ದಿನ ವರದಿ ಬಂತು. ಅದರಲ್ಲಿ ಹೀಗೆ ಬರೆದಿದ್ದರು: "ಈ ಶಾಲೆಯ ಮಕ್ಕಳಿಗೆ ಪ್ರಾಚೀನ ಜೀವನದ ಸ್ವಂತ ಅನುಭವವಿದೆ."

ಹೆಡ್‌ಮಾಸ್ಟರಿಗೆ ಬಡ್ತಿ ಆಯಿತು.

ಅತ್ತೆಯವರ ಉಪಕಾರ

ಅದೇ ಊರಿನಲ್ಲಿ ನಡೆದದ್ದು. ಹಳ್ಳಿಮೈಸೂರಿನ ಕಡೆಯಿಂದ ಬರುತ್ತಿದ್ದ ಹುಡುಗರು ಹೊಲದಲ್ಲಿ ಸಿಕ್ಕಿದ ಮಡಕೆ ಚೂರುಗಳನ್ನು ಚಡ್ಡಿ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಆ ಚೂರುಗಳು ಒಳಗೆ ಕಪ್ಪು, ಹೊರಗೆ ಕೆಂಪು, ಗಾಜಿನಷ್ಟು ನುಣುಪು. ಒಂದು ಭಾನುವಾರ ನೋಡಿದರೆ ಕೆಲವು ಚೂರುಗಳು ಒಂದಕ್ಕೊಂದು ಕೂಡುತ್ತಿದ್ದವು. ಅವತ್ತಿನಿಂದ ಹುಡುಗರಿಗೆ ಹುಚ್ಚು ಹಿಡಿಯಿತು. ದಿನಾ ಸಂಜೆ ನಮ್ಮ ಮನೆ ಜಗಲಿಯ ಮೇಲೆ ಕೂತು, ಮರದ ಅಂಟು ಹಚ್ಚಿ, ಬಾಯಿ ಬಿಗಿಹಿಡಿದು ಅಂಟಿಸುವುದು. ಅಷ್ಟು ನಿಶ್ಶಬ್ದವಾಗಿ ಆ ಹುಡುಗರು ಕೂತದ್ದನ್ನು ಸ್ಕೂಲಿನಲ್ಲಿ ನಾನು ನೋಡಿರಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಒಂದು ಬಟ್ಟಲು ಎದ್ದು ನಿಂತಿತು. ಅದನ್ನು ಕಿಟಕಿಯಲ್ಲಿಟ್ಟೆ.

ಆ ವಾರವೇ ನಮ್ಮ ಅತ್ತೆಯವರು ಬಂದರು. ನಾನು ಸ್ಕೂಲಿಗೆ ಹೋದಾಗ ಕಿಟಕಿ ಕಡೆ ಅವರ ಕಣ್ಣು ಬಿತ್ತು. ಒಡಕು ಮಡಕೆ ಮನೆಯಲ್ಲಿಡುವುದು ಸ್ಮಶಾನದ ಲಕ್ಷಣ ಅಂತ ಅವರ ನಂಬಿಕೆ. ಕೆಲಸದವಳ ಕೈಯಲ್ಲಿ ಕೊಟ್ಟು ಹೊಳೆಗೆ ಹಾಕಿಸಿಬಿಟ್ಟರು.

ಸಂಜೆ ಹುಡುಗರನ್ನು ಕರೆದುಕೊಂಡು ಬಂದರೆ ಕಿಟಕಿಯಲ್ಲಿ ಸಂತೆಯಿಂದ ತಂದ ಹೊಸ ಮಡಕೆ ಕೂತಿದೆ. ಅತ್ತೆಯವರು ಒಳಗಿನಿಂದಲೇ, ನೇರವಾಗಿ ನನಗಲ್ಲ, ಮಗಳಿಗೆ ಹೇಳುವ ಹಾಗೆ ಹೇಳಿದರು: "ಒಂದು ಮಡಕೆ ಬೇಕು ಅಂತ ನನಗೆ ಒಂದು ಮಾತು ಹೇಳೋದಲ್ವೇನೇ. ಅಳಿಯಂದಿರು ಒಡಕಲು ಅಂಟಿಸ್ಕೊಂಡು ಬಾಳೋ ಸ್ಥಿತಿ ಬಂದಿದೆ ಅಂತ ನನಗೇನು ಗೊತ್ತು."

ಹುಡುಗರಲ್ಲಿ ಇಬ್ಬರು ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಅವರಲ್ಲಿ ಹಿರಿಯವನು ಹೊಸ ಮಡಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ನನಗೆ ಸಮಾಧಾನ ಹೇಳಿದ: "ಓಗ್ಲಿ ಬುಡಿ ಸಾ. ಇದನ್ನೇ ಒಡೆದ್ಬುಟ್ಟು ಮತ್ತೆ ಅಂಟಿಸಾನ."

ಕೊರವಂಗಲದಲ್ಲಿ

ಹಾಸನಕ್ಕೆ ವರ್ಗವಾದ ಮೇಲೆ ಹುಡುಗರನ್ನು ಕೊರವಂಗಲದ ಗುಡಿಗೆ ನಡೆಸಿಕೊಂಡು ಹೋದೆ. ಬೆಳಗಿನ ಇಬ್ಬನಿ, ಹೆಗಲಲ್ಲಿ ಬುತ್ತಿ, ದಾರಿ ಉದ್ದಕ್ಕೂ ಅವರೆಕಾಯಿಯ ಸೊಗಡು. ಆ ನಡಿಗೆ ನೆನೆಸಿಕೊಂಡರೆ ಈಗಲೂ ಕಾಲು ಹಗುರಾಗುತ್ತದೆ. ಹೊಯ್ಸಳರ ಕಾಲದ ಜನ ಹೇಗೆ ಬದುಕಿದ್ದರು ಅನ್ನುವುದು ಪುಸ್ತಕಕ್ಕಿಂತ ಈ ಗೋಡೆಗಳಲ್ಲಿ ಚೆನ್ನಾಗಿ ಕಾಣುತ್ತದೆ, ನೋಡಿ ಹೇಳಿ ಅಂತ ಅವರನ್ನು ಬಿಟ್ಟೆ.

ಹುಡುಗರು ಗುಡಿ ಸುತ್ತ ಸುತ್ತಿದರು. ಒಬ್ಬ ಬಳೆ ನೋಡಿದ, ಒಬ್ಬ ತುರುಬಿನ ಬಗೆ ನೋಡಿದ, ಒಬ್ಬ ಮದ್ದಳೆ ನೋಡಿದ. ರೈತರ ಮನೆಯ ಹುಡುಗನೊಬ್ಬ ಮಾತ್ರ ಮತ್ತೆ ಮತ್ತೆ ಸುತ್ತುತ್ತಲೇ ಇದ್ದ.

"ಏನಪ್ಪಾ ಹುಡುಕ್ತಿದ್ದೀಯ?" ಅಂದೆ.

"ಇವ್ರೆಲ್ಲ ಕುಣೀತಾವ್ರೆ, ಬಾರಿಸ್ತಾವ್ರೆ, ಆನೆ ಮೇಲೆ ಕುಂತವ್ರೆ. ಇಷ್ಟು ಜನಕ್ಕೆ ಇಟ್ಟು ತಿರುವೋರು ಯಾರೂ ಇಲ್ವಾ ಸಾ?"

ಅದೂ ಹೌದಲ್ಲ ಅನ್ನಿಸಿತು. ನಾನೂ ಅವನ ಜೊತೆ ಸುತ್ತಿದೆ. ಉಳುವವರು, ಕಳೆ ಕೀಳುವವರು, ಒಲೆ ಮುಂದೆ ಹಿಟ್ಟು ತಿರುವುವವರು, ಒಬ್ಬರಾದರೂ ಸಿಕ್ಕಿಯಾರು ಅಂತ ಕತ್ತು ನೋಯುವ ತನಕ ನೋಡಿದೆ. ನಮ್ಮ ಕಣ್ಣಿಗೆ ಯಾರೂ ಬೀಳಲಿಲ್ಲ. ಕೊನೆಗೆ ಹುಡುಗನೇ ಉತ್ತರ ಕಂಡುಕೊಂಡ.

"ಕೆಲ್ಸ ಮಾಡೋರೆಲ್ಲ ಕಲ್ಲು ಕೆತ್ತಕ್ಕೆ ಓಗಿದ್ರು ಅಂತ ಕಾಣ್ತದೆ ಸಾ."

ಭರಣಿ

ಅರಕಲಗೂಡಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. "ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದಿದೆಯೋ ಅದನ್ನು ಕೇಳಿಕೊಂಡು ತನ್ನಿ" ಅಂದೆ. 'ಕೇಳಿಕೊಂಡು' ಅನ್ನುವ ಮಾತು ಯಾರ ಕಿವಿಗೂ ಬಿದ್ದ ಹಾಗೆ ಕಾಣಲಿಲ್ಲ. ಮಾರನೇ ದಿನ ಬೆಂಚುಗಳ ಮೇಲೆ ಕಡಗೋಲು, ಶ್ಯಾವಿಗೆ ಒರಳು, ತೊಟ್ಟಿಲಿನ ಸರಪಳಿ, ಎಣ್ಣೆ ಗಿಂಡಿ. ಹತ್ತು ಗಂಟೆಗೆಲ್ಲ ತಾಯಂದಿರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಆ ಕಡಗೋಲು ಕೊಡಿ, ಮೊಸರು ಹಾಗೇ ಇದೆ" ಅಂತ ತೆಗೆದುಕೊಂಡು ಹೋದರು.

ಕೊನೆಗೆ ಉಳಿದದ್ದು ಒಂದು ಪಿಂಗಾಣಿ ಭರಣಿ. ತಂದ ಹುಡುಗ, "ನಮ್ಮಜ್ಜಿ ಮದ್ವೆ ಆಗಿ ಬಂದ ವರ್ಷದ್ದು ಸಾರ್" ಅಂದ. ಮೇಲಿನ ಬಟ್ಟೆ ಬಿಚ್ಚದೆ ಕಿಟಕಿಯಲ್ಲಿಟ್ಟೆ. ಹಳೆಯದು ಭರಣಿ ಅಂತ ನಾನು ತಿಳಿದಿದ್ದೆ. ಹಳೆಯದು ಒಳಗಿದ್ದ ಹೇರಳೆಕಾಯಿ ಉಪ್ಪಿನಕಾಯಿ ಅಂತ ಹುಡುಗರಿಗೆ ಗೊತ್ತಿತ್ತು. ಮಧ್ಯಾಹ್ನ ನಾನು ಊಟ ಮಾಡಿ ಬರುವಷ್ಟರಲ್ಲಿ ಇಡೀ ತರಗತಿ ಮೊಸರನ್ನಕ್ಕೆ ಅದನ್ನೇ ನೆಂಚಿಕೊಂಡು ಮುಗಿಸಿತ್ತು.

ಮೂರು ಗಂಟೆಗೆ ಅಜ್ಜಿ ಬಂದರು. ಅವರ ಸೊಸೆ ಬಾಣಂತಿ, ಬಾಯಿರುಚಿ ಕೆಟ್ಟು ಊಟ ಬಿಟ್ಟಿದ್ದಳು. ಒಂದು ಚೂರು ಹಳೇ ಹೇರಳೆಕಾಯಿ ಕೊಟ್ಟರೆ ಉಣ್ಣುತ್ತಾಳೆ ಅಂತ ಅಟ್ಟ ಹತ್ತಿ ನೋಡಿದರೆ ಭರಣಿಯಿಲ್ಲ. ನಾನು ಭರಣಿ ಅವರ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತೆ. ಅಜ್ಜಿ ಒಳಗೆ ಕೈಹಾಕಿ ತಡಕಿದರು. ತಳದಲ್ಲಿ ಅದೃಷ್ಟಕ್ಕೆ ಒಂದು ಹೋಳು ಅಂಟಿಕೊಂಡಿತ್ತು. ಅದನ್ನು ಕಂಡ ಮೇಲೆ ಅವರ ಮುಖ ಸಡಿಲವಾಯಿತು. ಹುಡುಗರನ್ನೆಲ್ಲ ಒಂದು ಸಲ ನೋಡಿ, "ಹೊಟ್ಟೆಗೇನೂ ಆಗಲಿಲ್ವೇನ್ರೋ?" ಅಂದರು. ಯಾರಿಗೂ ಏನೂ ಆಗಿರಲಿಲ್ಲ; ಹಸಿವು ಮಾತ್ರ ಜಾಸ್ತಿಯಾಗಿತ್ತು.

ಅಜ್ಜಿ ಭರಣಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುತ್ತ, "ನನ್ನ ಮದುವೆ ವರ್ಷದ್ದನ್ನೇ ಅರಗಿಸ್ಕೊಂಡಿದ್ದಾವೆ ಮೇಷ್ಟ್ರೇ. ಇನ್ನು ನಿಮ್ಮ ಚರಿತ್ರೆ ಇವಕ್ಕೆ ಯಾವ ಮಹಾ" ಅಂದರು.

ಹಿರೀಸಾವೆಯಿಂದ ಬಂದವರು

ಚನ್ನರಾಯಪಟ್ಟಣದಲ್ಲಿದ್ದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಒಂದು ದಿನ ಹಿರೀಸಾವೆ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಓಡೋಡಿ ಬಂದರು.

"ಸಾ, ಬಾವಿ ತೋಡ್ತಿದ್ವಿ, ಗುಡಾಣ ಸಿಕ್ತು. ಒಳಗೆ ಮೂಳೆ ಅವೆ. ನಮ್ಮಪ್ಪ ಒಡೆದು ಕೆರೆಗಾಕು ಅಂತ ಕುಂತವ್ನೆ. ನೀವು ಬೇಕು ಅಂದ್ರೆ ಈಗ್ಲೇ ಬರ್ಬೇಕು."

ಹೋಗಿ ನೋಡಿದೆ. ಹಳೇ ಕಾಲದವರು ಸತ್ತವರ ಮೂಳೆ ಇಟ್ಟು ಹೂಳುತ್ತಿದ್ದ ಮಣ್ಣಿನ ಗುಡಾಣ. ಜೊತೆಗೆ ಒಂದು ಸಣ್ಣ ಬಟ್ಟಲು, ತುಕ್ಕು ತಿಂದ ಕುಡುಗೋಲು. ಇಂಥದ್ದು ನನಗೆ ಜನ್ಮದಲ್ಲಿ ಇನ್ನೊಂದು ಸಿಕ್ಕುವುದಿಲ್ಲ ಅನ್ನಿಸಿತು. ಆ ಮನೆಯ ಮುದುಕರ ಕೈಕಾಲು ಹಿಡಿದು ಒಪ್ಪಿಸಿ, ಗುಡಾಣದ ಬಾಯಿಗೆ ಪಂಚೆ ಕಟ್ಟಿ, ಇಬ್ಬರ ಕೈಯಲ್ಲಿ ಹೊರಿಸಿಕೊಂಡು ರಸ್ತೆಗೆ ಬಂದೆ. ಸಂಜೆಯ ಬಸ್ಸು ಬಂತು. ಕಂಡಕ್ಟರು ತಡೆದ.

"ಏನ್ ಸಾ ಗುಡಾಣದಾಗೆ? ರಾಗಿ ಆದ್ರೆ ಪರ್ಮಿಟ್ ಬೇಕು, ಕಂಟ್ರೋಲು."

"ರಾಗಿ ಅಲ್ಲಪ್ಪ, ಒಬ್ಬ ಮನುಷ್ಯ."

ಕಂಡಕ್ಟರು ಒಂದು ಹೆಜ್ಜೆ ಹಿಂದಕ್ಕೆ ಹೋದ. "ಯಾವಾಗ ತೀರ್ಕೊಂಡ್ರು?"

"ಎರಡು ಸಾವಿರ ವರ್ಷ ಆಗಿರಬೇಕು."

"ಅಂಗಾದ್ರೆ ಅವಸರ ಇಲ್ವಲ್ಲ ಸಾ. ನಾಳೆ ಲಾರಿಗೆ ಆಕಿ."

ನಾಳೆಯವರೆಗೆ ಇಟ್ಟರೆ ಮುದುಕರ ಮನಸ್ಸು ತಿರುಗುತ್ತಿತ್ತು. ನಾನು ಅಂಗಲಾಚಿದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಮುಂದಿನ ಸೀಟಿನಲ್ಲಿ ಒಬ್ಬ ಪುರೋಹಿತರಿದ್ದರು. ಹೆಣದ ಜೊತೆ ಪ್ರಯಾಣ ಮಾಡಿದರೆ ಮೈಲಿಗೆ ಅಲ್ಲವೇ ಅಂತ ಯಾರೋ ಅವರನ್ನು ಕೇಳಿದರು. ಪುರೋಹಿತರು ಬೆರಳು ಮಡಿಸಿ ನೋಡಿ, "ಸೂತಕ ಇರೋದು ಹತ್ತು ದಿನ. ಇವರದು ಕಳೆದಿದೆ" ಅಂದರು. ಹಿಂದೆ ಕೂತಿದ್ದ, ಹಣೆ ತುಂಬ ವಿಭೂತಿಯ ಜವಳಿ ಅಂಗಡಿಯವರು, "ಸುಡದೆ ಹೂಳಿದ್ದಾರೆ ಅಂದ ಮೇಲೆ ನಮ್ಮ ಪೈಕಿಯವರೇ ಇರಬೇಕು. ಜಾಗ ಕೊಡ್ರಪ್ಪ" ಅಂತ ಸರಿದು ಕೂತರು. ಹಾಗೆ ಗುಡಾಣ ಅವರ ಪಕ್ಕದ ಸೀಟಿನಲ್ಲಿ ಕೂತಿತು.

ಬಸ್ಸು ಹೊರಟಿತು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು, "ಜೊತೇಲಿ ಏನ್ ಇಟ್ಟಿದ್ರಪ್ಪ?" ಅಂದಳು. ಬಟ್ಟಲು, ಕುಡುಗೋಲು ತೋರಿಸಿದೆ. ಅಲ್ಲಿಗೆ ಹೋದ ಮೇಲೂ ಬೇಕಾಗುತ್ತದೆ ಅಂತ ಇಡುತ್ತಿದ್ದರು ಅಂದೆ. ಅವಳು ಕುಡುಗೋಲು ಮುಟ್ಟಿ ನೋಡಿ, "ಪಾಪ, ಅಲ್ಲಿಗೆ ಓದ್ರೂ ಕುಯ್ಲು ತಪ್ಪಲಿಲ್ವಲ್ಲ" ಅಂತ ತನ್ನ ಎಲೆ ಅಡಿಕೆ ಚೀಲದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಗುಡಾಣದ ಮೇಲಿಟ್ಟಳು. ಆಮೇಲೆ ಒಬ್ಬೊಬ್ಬರೂ ಕೇಳತೊಡಗಿದರು. ಅವರು ಏನು ಉಣ್ಣುತ್ತಿದ್ದರು, ಏನು ಬೆಳೆಯುತ್ತಿದ್ದರು, ಮಡಕೆ ಹೇಗೆ ಸುಡುತ್ತಿದ್ದರು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಅಷ್ಟು ಗಮನ ಕೊಟ್ಟು ಕೇಳಿದ ತರಗತಿ ನನಗೆ ಸಿಗಲಿಲ್ಲ.

ಒಂದು ಏರಿನಲ್ಲಿ ಬಸ್ಸು ಕೆಮ್ಮಿ ನಿಂತುಬಿಟ್ಟಿತು. ಕ್ಲೀನರು ಇಳಿದು ಹಿಡಿ ತಿರುಗಿಸಿ ಇದ್ದಲಿನ ಪೀಪಾಯಿಗೆ ಗಾಳಿ ಊದಿದ, ಪ್ರಯೋಜನವಾಗಲಿಲ್ಲ. ಆ ಕಾಲದಲ್ಲಿ ಇದು ಮಾಮೂಲು. ಎಲ್ಲರೂ ಇಳಿದು ತಳ್ಳಬೇಕು ಅಂದ ಕಂಡಕ್ಟರು. ಪುರೋಹಿತರು ಇಳಿದರು, ಜವಳಿ ಅಂಗಡಿಯವರು ಇಳಿದರು, ಮುದುಕಿಯೂ ಕೋಲು ಊರಿಕೊಂಡು ಇಳಿದಳು. ಭಾರ ಕಡಿಮೆಯಾಗಲಿ ಅಂತ ನಾನು ಗುಡಾಣವನ್ನು ಇಳಿಸಲು ಕೈಹಾಕಿದೆ. ಕಂಡಕ್ಟರು ಓಡಿಬಂದು ನನ್ನ ಕೈ ಹಿಡಿದ.

"ಬ್ಯಾಡಿ ಸಾ, ಅವ್ರು ಕುಂತಿರ್ಲಿ. ವಯಸ್ಸಾದೋರು."