ಗಿರಣಿಮನೆಯ ಹಾತೆಗಳು

ಹಿಟ್ಟಿನ ಗಿರಣಿ ಇಟ್ಟುಕೊಂಡವರಿಗೆ ಊರವರ ಅಡುಗೆಮನೆಯ ಗುಟ್ಟು ಕೇಳದೆಯೇ ಗೊತ್ತಾಗುತ್ತಿರುತ್ತದೆ. ಶಿರಸಿಯ ಒಂದು ಓಣಿಯಲ್ಲಿ ನಮ್ಮ ಗಿರಣಿ. ಯಂತ್ರ ನೋಡಿಕೊಳ್ಳುವುದು ನನ್ನ ಯಜಮಾನರು, ಜನರನ್ನು ನೋಡಿಕೊಳ್ಳುವುದು ನಾನು. ಮಳೆಗಾಲ ಮುಗಿಯುತ್ತ ಬಂತೆಂದರೆ ಬಂದವರು ಡಬ್ಬಿಯ ಮುಚ್ಚಳ ತೆಗೆಯುವುದೂ ಒಂದೇ, ಒಳಗಿನಿಂದ ಹಾತೆ ಎದ್ದು ಹಾರುವುದೂ ಒಂದೇ. ಹಾತೆ ಎಂದರೆ ಪತಂಗದ ಸಣ್ಣ ಜಾತಿ. ಹಿಟ್ಟಿನಲ್ಲಿ ಬಲೆ ಕಟ್ಟಿ, ಅಲ್ಲೇ ದೊಡ್ಡದಾಗಿ, ಕೊನೆಗೆ ದೀಪಕ್ಕೆ ಬಂದು ಕೂರುವ ಬೂದಿ ಬಣ್ಣದ ಪ್ರಾಣಿ. "ಅಯ್ಯೋ, ನಮ್ಮನೇಲಿ ಹೀಗೆ ಯಾವತ್ತೂ ಆಗಿರಲಿಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಪ್ರತಿ ವರ್ಷವೂ ಹೇಳುತ್ತಾರೆ.

ಎರಡು ಪೊಟ್ಟಣ

ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರೊಬ್ಬರಿದ್ದಾರೆ. ಮಗಳ ಬಾಣಂತನಕ್ಕೆಂದು ಅವರ ಹೆಂಡತಿ ಯಲ್ಲಾಪುರಕ್ಕೆ ಹೋಗಿದ್ದರು. ಒಂದು ದಿನ ಮಾಸ್ತರು ತಾವೇ ಗೋಧಿ ಡಬ್ಬಿ ಹೊತ್ತು ಬಂದರು. ಮುಚ್ಚಳ ತೆಗೆದೆ. ಹಾತೆ ಒಂದೂ ಇಲ್ಲ. ಆದರೆ ಬಂದ ವಾಸನೆಗೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಗೋಧಿಯ ನಡುವೆ ಬೆಳ್ಳಗೆ ದುಂಡಗೆ ನುಸಿಗುಳಿಗೆ!

"ಮಾಸ್ತರೇ, ಇದು ಬಟ್ಟೆ ಕಪಾಟಿಗೆ ಹಾಕುವುದಲ್ಲವೇ?"

"ಹೌದಾ? ಹೋಗುವಾಗ ಇವಳು ಎರಡು ಪೊಟ್ಟಣ ಕಟ್ಟಿಟ್ಟಿದ್ದಳು. ಒಂದು ಗೋಧಿಗೆ, ಒಂದು ಕಪಾಟಿಗೆ ಅಂತ. ಯಾವುದು ಯಾವುದಕ್ಕೆ ಅಂತ ಮರೆತುಹೋಯಿತು. ಫೋನು ಮಾಡಿದರೆ ಬೈತಾಳೆ ಅಂತ ಅಂದಾಜಿನ ಮೇಲೆ ಹಾಕಿದೆ."

ಆ ಗೋಧಿ ಹೊಟ್ಟೆಗೆ ಹೋಗುವಂಥದ್ದಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿಸಿ ಮುಚ್ಚಿಸಿದೆವು. ಕಪಾಟಿನ ವಿಷಯ ನನಗೂ ಮರೆತುಹೋಯಿತು, ಅವರಿಗೂ ಮರೆತುಹೋಯಿತು.

ಮುಂದೆ ಯಲ್ಲಾಪುರದಲ್ಲಿ ಒಂದು ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಬಾಣಂತನ ಮುಗಿಸಿ ಶಿರಸಿಗೆ ಮರಳಿದ್ದ ಮಾಸ್ತರ ಹೆಂಡತಿ ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅವರು ಕೂತಲ್ಲೆಲ್ಲ ಅಕ್ಕಪಕ್ಕದವರು ಸೀನುತ್ತಿದ್ದರು. "ಯಾರೋ ಒಣಮೆಣಸು, ಲವಂಗ ಹುರೀತಿದ್ದಾರೆ ನೋಡಿ, ಅಡುಗೆಮನೆ ಬಾಗಿಲು ಹಾಕಿ" ಎಂದು ಮನೆಯೊಡತಿ ಒಳಗೂ ಹೊರಗೂ ಓಡಾಡಿದ್ದೇ ಓಡಾಡಿದ್ದು. ಪಾಪ, ಗೋಧಿಯ ಪೊಟ್ಟಣ ಕಪಾಟು ಸೇರಿದ್ದಕ್ಕೆ ಮಾಸ್ತರ ಹೆಂಡತಿಯ ಮುಖ ಸೀರೆಯ ಅಂಚಿಗಿಂತ ಕೆಂಪಾಗಿತ್ತು.

ಊಟದ ಹೊತ್ತಿಗೆ ಮಾಸ್ತರು ಅಷ್ಟು ಜನರ ನಡುವೆ ನೆಟ್ಟಗೆ ಹೆಂಡತಿಯ ಬಳಿಯೇ ಬಂದು ಕೂತರು. ಹೆಂಡತಿ ಗುರುಗುಟ್ಟಿದರು, "ನಿಮ್ಮಿಂದ ಮರ್ಯಾದೆ ಹೋಯಿತು."

ಮಾಸ್ತರು ಮೆಲ್ಲಗೆ ಹೇಳಿದರು, "ಯಾವ ಸಮಾರಂಭಕ್ಕೆ ಹೋದರೂ ನಿನ್ನನ್ನು ಹುಡುಕಿ ಹುಡುಕಿ ಸಾಕಾಗ್ತಿತ್ತು. ಇವತ್ತು ಕಣ್ಣು ಮುಚ್ಚಿಕೊಂಡು ಬಂದೆ ನೋಡು."

ಮಾವನವರು

ಹೇರೂರಿನ ಕಡೆಯ ಒಂದು ಒಕ್ಕಲು ಮನೆಯ ಸೊಸೆ ನಮ್ಮ ಹಳೆಯ ಗಿರಾಕಿ. ಆ ಸಲ ಗೋಧಿಯ ಜೊತೆಗೆ ಇನ್ನೊಂದು ಡಬ್ಬಿಯನ್ನೂ, ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಬಂದವಳೇ ನನ್ನನ್ನು ಪಂಚಾಯಿತಿಗೆ ಕೂರಿಸಿದಳು.

"ಅಕ್ಕಾ, ನೀವೇ ಹೇಳಿ. ಇದು ಹುರಿಹಿಟ್ಟು. ಪೂರ್ತಿ ಹಾತೆ ಆಗಿದೆ. ಚೆಲ್ಲೋಕೆ ಅತ್ತೆ ಬಿಡ್ತಿಲ್ಲ."

ಅಜ್ಜಿ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಅವರ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಅವರಿಗೆ ಹುರಿಹಿಟ್ಟು ಅಂದ್ರೆ ಪ್ರಾಣ ತಂಗೀ" ಎಂದರು. "ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ಡಬ್ಬೀನ ಅಟ್ಟದ ಮೇಲೆ ಅಡಗಿಸಿಟ್ಟೆ. ದಿನಾ ಕೇಳೋರು. ಒಂದು ಚಮಚ ಕೊಡೇ ಅಂತ. ನಾನು ಕೊಡ್ಲಿಲ್ಲ. ಮೊನ್ನೆ ಡಬ್ಬಿ ಇಳಿಸಿ ಮುಚ್ಚಳ ತೆಗೆದ್ರೆ ಒಂದು ಹಾತೆ ಎದ್ದು ಬಂದು ಸೀದಾ ಅವರ ಫೋಟೋದ ಮೇಲೆ ಕೂತ್ಕಂತು. ಇದು ಅವರೇ. ಈಗಲಾದ್ರೂ ಹೊಟ್ಟೆ ತುಂಬ ತಿನ್ಲಿ."

ನನ್ನ ಯಜಮಾನರು ಯಂತ್ರ ನಿಲ್ಲಿಸಿ ಬಂದು ನಿಂತರು. ಸೊಸೆಯ ಕಣ್ಣೂ ಒದ್ದೆಯಾಯಿತು. ಆದರೂ ಅವಳು ಅಡುಗೆಮನೆ ನಡೆಸಬೇಕಾದವಳು. ಮೆಲ್ಲಗೆ ಅತ್ತೆಯ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಸರಿಸಿದಳು. ಹಾತೆಗಳು ಗುಂಪುಗುಂಪಾಗಿ ಎದ್ದವು.

"ಒಬ್ರಾದ್ರೆ ಇರ್ಲಿ ಅನ್ನಬಹುದಿತ್ತು ಅತ್ತೇ. ಇಲ್ಲಿ ನೋಡಿ, ಡಬ್ಬಿ ತುಂಬ ಮಾವನೇ ಇದ್ದಾರೆ!"

ಅಜ್ಜಿ ಹಾರುತ್ತಿದ್ದ ಹಾತೆಗಳನ್ನು ಪ್ರೀತಿಯಿಂದ ನೋಡಿ ಹೇಳಿದರು, "ಅವರ ಸ್ವಭಾವ ನಿಂಗೆ ಗೊತ್ತಿಲ್ವಾ? ಊಟಕ್ಕೆ ಯಾವತ್ತು ಒಬ್ರೇ ಬಂದಿದ್ರು? ದಾರೀಲಿ ಸಿಕ್ಕಿದೋರನ್ನೆಲ್ಲ ಕರಕೊಂಡೇ ಬರೋರು."

ಅಂಟು ಹಲಗೆ

ನಮ್ಮ ಗಿರಣಿಯಲ್ಲೇ ಹಾತೆ ಹೆಚ್ಚಾದಾಗ ಯಜಮಾನರು ಅಂಟು ಬಳಿದ ಒಂದು ರಟ್ಟು ತರಿಸಿ ಗೋಡೆಗೆ ತೂಗುಹಾಕಿದರು. ಅದಕ್ಕೆ ಹೆಣ್ಣು ಹಾತೆಯ ವಾಸನೆ ಹಾಕಿರುತ್ತಾರಂತೆ. ಗಂಡು ಹಾತೆಗಳು ಹುಡುಕಿಕೊಂಡು ಬಂದು ಅಂಟಿಕೊಳ್ಳುತ್ತವೆ.

ಗುಡ್ನಾಪುರದಿಂದ ಜೋಳ ಬೀಸಿಸಲು ಬಂದ ಹೆಂಗಸೊಬ್ಬರು ಅದನ್ನು ಬಹಳ ಹೊತ್ತು ನೋಡಿದರು. "ಇದೇನ್ರೀ ಅಕ್ಕಾರ?" ಎಂದರು. ಹೇಳಿದೆ.

"ಅಂದ್ರ ಇಲ್ಲಿ ಅಂಟಿಕೊಂಡಾವು ಎಲ್ಲಾ ಗಂಡಸರೇನ್ರೀ?"

"ಹೌದು."

"ಮತ್ತ ಹೆಂಗಸರು?"

"ಅವು ಹಿಟ್ಟಿನ ಚೀಲದ ಹತ್ತಿರವೇ ಇರ್ತವೆ."

"ಅಯ್ಯ, ಹಾತಿ ಆದ್ರೂ ಅಷ್ಟಽ, ಮನಷ್ಯಾರಾದ್ರೂ ಅಷ್ಟಽ ನೋಡ್ರಿ" ಎಂದವರೇ ಹಿಟ್ಟಿನ ಚೀಲವನ್ನು ಸೊಂಟಕ್ಕೇರಿಸಿಕೊಂಡು, ಎದುರಿನ ಚಹಾ ಅಂಗಡಿಯ ಬೆಂಚಿನತ್ತ ತಿರುಗಿ ಗಂಡನನ್ನು ಕೂಗಿದರು, "ಏಳ್ರೀ ಇನ್ನ! ಅಂಟು ಬಿಡಿಸಾಕ ನಾನಽ ಬರಬೇಕೇನು?"

ಬೆಂಚಿನ ಮೇಲಿದ್ದ ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತರು.

ಫೋನಿನಲ್ಲಿ ಹೇಳಬಾರದ ಮಾತು

ಇದು ನಮ್ಮ ಮನೆಯದೇ ಕತೆ. ನನ್ನ ತವರು ಸಿದ್ದಾಪುರದ ಹತ್ತಿರ. ಅಲ್ಲಿ ಫೋನಿನ ಸಿಗ್ನಲ್ ಮನಸ್ಸು ಬಂದಾಗ ಬರುತ್ತದೆ. ನಮ್ಮ ಮನೆಮಾತಿನಲ್ಲಿ ಹೆಂಗಸರನ್ನು 'ಅದು' ಎಂದೇ ಹೇಳುವುದು, 'ಆಯಿ ಬಂತು', 'ಅತ್ತೆ ಹೇಳ್ತು' ಎಂದು. ಅದರಲ್ಲಿ ಅಗೌರವವೇನೂ ಇಲ್ಲ. ಇಷ್ಟು ತಿಳಿದಿದ್ದರೆ ಆ ದಿನ ಆದದ್ದು ಅರ್ಥವಾಗುತ್ತದೆ.

ಮನೆಯ ಅಡುಗೆಕೋಣೆಗೂ ಹಾತೆ ಹೊಕ್ಕು ನನಗೆ ತಲೆಕೆಟ್ಟಿತ್ತು. ಸಂಜೆ ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಫೋನು ಮಾಡಿದೆ.

"ಆಯೀ, ಹಾತೆ ಕಾಟ ತಡೆಯಲೆ ಆಗ್ತಿಲ್ಲೆ!"

ಆ ಕಡೆ ಗರಗರ ಸದ್ದು. ಆಮೇಲೆ ಆಯಿಯ ಗಾಬರಿಯ ದನಿ, "ಎಂತಾ? ಎಂತ ಮಾಡ್ತೇ ಅದು?"

"ಎಂತ ಮಾಡ್ತು? ಡಬ್ಬಿ ಡಬ್ಬಿ ಹೊಕ್ಕು ತಿಂತು. ಹಗಲೆಲ್ಲ ಮೂಲೆಲ್ಲಿ ಕೂರ್ತು, ದೀಪ ಹಚ್ಚಿದ್ರೆ ಸಾಕು, ಎದ್ದು ಬತ್ತು."

"ಶಿವನೇ! ಅಳಿಯ ಎಂತ ಹೇಳ್ತ?"

"'ಇರ್ಲಿ ಬಿಡು, ಎಷ್ಟು ತಿಂತು ಅದು' ಹೇಳ್ತ."

"ಅದೂ ಒಂದು ಜೀವ ಅಲ್ದನೇ ತಂಗೀ?"

"ಜೀವ ಹೇಳಿ ಕೂತ್ರೆ ಆಗ್ತಿಲ್ಲೆ. ನಾಳೆ ಎಲ್ಲ ಗುಡಿಸಿ ಹೊರಗೆ ಹಾಕ್ತೆ. ಬಿಸಿಲಲ್ಲಿ ಬಿದ್ಕಳ್ಳಿ!"

ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಡಬ್ಬಿಗಳನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗಿಟ್ಟೆ. ನಮ್ಮ ಜೊತೆಗೇ ಇರುವ ಅತ್ತೆ ತಾವಾಗಿಯೇ ಬಂದು ಮೊರ ಹಿಡಿದು ಅಕ್ಕಿ ಕೇರಲು ಕೂತರು. ಮುಖ, ತಲೆಯೆಲ್ಲ ಧೂಳು. ಆ ಹೊತ್ತಿಗೇ ಗೇಟು ಸದ್ದಾಯಿತು. ಮೊದಲ ಬಸ್ಸಿಗೆ ಹೊರಟುಬಂದ ನನ್ನ ಆಯಿ! ಅಂಗಳದ ನಡುಬಿಸಿಲಿನಲ್ಲಿ, ಹೊರಗೆ ಹಾಕಿದ ಡಬ್ಬಿಗಳ ಮಧ್ಯೆ ಕೂತ ಅತ್ತೆಯನ್ನು ನೋಡಿದ್ದೇ ಆಯಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಓಡಿಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡಿತು. "ಅತ್ತಿಗೇ, ಏಳಿ. ಎಂಗ್ಳ ಮನೆಗೆ ಹೋಪ. ಅಲ್ಲಿ ನಿಂಗ್ಳಿಗೆ ಎಷ್ಟು ಬೇಕಾದ್ರೂ ತಿಂಬಲೆ ಇದ್ದು."

ಅತ್ತೆ ಕಕ್ಕಾಬಿಕ್ಕಿ. "ಎನಗೆ ಹಸಿವಿಲ್ಲೆ ಅತ್ತಿಗೇ. ಈಗಷ್ಟೇ ದೋಸೆ ತಿಂದೆ."

"ಹೆದರಡಿ. ಆನಿದ್ದಿ" ಎಂದು ಧೈರ್ಯ ಹೇಳಿ ಆಯಿ ನನ್ನ ಕಡೆ ತಿರುಗಿತು. ಅಷ್ಟು ಸಿಟ್ಟನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. "ಆನು ನಿಂಗೆ ಇದನ್ನೇ ಕಲಿಸಿದ್ದನೇ? ವಯಸ್ಸಾದ ಅತ್ತೆ ಒಂಚೂರು ತಿಂದ್ರೆ ಡಬ್ಬಿ ಮುಚ್ಚಿಡದನೇ?"

ಆಗ ನನಗೆ ತಲೆಗೆ ಹೊಕ್ಕಿತು. "ಅಯ್ಯೋ ಆಯೀ, ಹಾತೆ! ಆನು ಹೇಳಿದ್ದು ಹಾತೆ, ಅತ್ತೆ ಅಲ್ಲ!"

ಅಷ್ಟರಲ್ಲಿ ಮೊರದಿಂದ ಒಂದು ಹಾತೆ ಎದ್ದು ಆಯಿಯ ಮೂಗಿನ ಮೇಲೆಯೇ ಕೂತಿತು. ಅತ್ತೆ ನೆಲಕ್ಕೆ ಕೈಯೂರಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಯಿಯೂ ನಗುತ್ತ, ಅಳುತ್ತ ಪಕ್ಕದಲ್ಲೇ ಕೂತಿತು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಅಲ್ಲ ಅತ್ತಿಗೇ, ಎನ್ನ ಹೊರಗೆ ಹಾಕ್ತ ಹೇಳಿ ಕೇಳಿ, ಮೊದಲ ಬಸ್ಸಿಗೇ ಬಂದ್ರ?"

"ಮತ್ತೆಂತ ಮಾಡದು? ನಿದ್ದೆಯೇ ಬಂಜಿಲ್ಲೆ."

ಅತ್ತೆ ಎದ್ದು ಒಳಗೆ ಹೋಗಿ ಮುಖ ತೊಳೆದು, ಸೀರೆ ಬದಲಿಸಿ, ಕೈಚೀಲ ಹಿಡಿದು ಬಂದರು. "ನಡೀರಿ ಹೋಪ. ಇಷ್ಟು ಮನಸ್ಸು ಮಾಡಿ ಕರೆಯಲೆ ಬಂದವರನ್ನ ಬರಿಗೈಲ್ಲಿ ಕಳಿಸಲಾಗ." ನಾನು ಬೇಡವೆಂದರೂ ಕೇಳಲಿಲ್ಲ. ಇಬ್ಬರೂ ಕೈಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು.

ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದರು. ಅಂಗಳದಲ್ಲಿ ತೆರೆದ ಡಬ್ಬಿಗಳು, ಒಂಟಿ ಮೊರ, ತಲೆಗೆ ಕೈಹೊತ್ತು ಕೂತ ನಾನು.

"ಮನೆ ಖಾಲಿ ಖಾಲಿ ಕಾಣ್ತು. ಹಾತೆಯೆಲ್ಲ ಹೋತಾ?"

"ಇಲ್ಲೆ" ಎಂದೆ. "ಹಾತೆ ಇಲ್ಲೇ ಇದ್ದು. ಅತ್ತೆ ಹೋತು."